ಅಮ್ಮನ ಆರೈಕೆ ಮತ್ತು ತಿಂಗಳ ಲೆಕ್ಕ

ಕಳೆದ ವರ್ಷ ಶಿವಮೊಗ್ಗದ ಮನೆಯ ಬಚ್ಚಲಲ್ಲಿ ಅಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ, ಶಸ್ತ್ರಚಿಕಿತ್ಸೆಯ ಖರ್ಚಿಗೆ ನಾವು ಮೂವರು ಮಕ್ಕಳು ಅಷ್ಟಾಗಿ ಹೆದರಲಿಲ್ಲ. ಆರೋಗ್ಯ ವಿಮೆ ಇತ್ತು, ಬಹುಪಾಲನ್ನು ಅದೇ ಭರಿಸಿತು. ಕಷ್ಟ ಶುರುವಾದದ್ದು ಅವರನ್ನು ಮನೆಗೆ ಕರೆತಂದ ಮರುದಿನ. ಹಿರಿಯರಿಗಾಗಿ ನಾವು ಆಸ್ಪತ್ರೆಯ ಬಿಲ್ಲಿಗೆಂದು ಹಣ ಕೂಡಿಡುತ್ತೇವೆ. ಅವರನ್ನು ಎಬ್ಬಿಸಿ ಕೂರಿಸಲು, ಸ್ನಾನ ಮಾಡಿಸಲು, ನಡುರಾತ್ರಿ ಶೌಚಕ್ಕೆ ಕರೆದೊಯ್ಯಲು ಬೇಕಾಗುವವರ ಸಂಬಳವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ 70 ದಾಟಿದ ಎಲ್ಲರಿಗೂ ವಿಸ್ತರಿಸಿದ ಆಯುಷ್ಮಾನ್ ಭಾರತ್ ಯೋಜನೆಯ ವರ್ಷಕ್ಕೆ 5 ಲಕ್ಷ ರೂಪಾಯಿಯ ರಕ್ಷಣೆಯೂ ಆಸ್ಪತ್ರೆ ಸೇರಿದಾಗಿನ ಚಿಕಿತ್ಸೆಗೇ ಮೀಸಲು.

ಅಕ್ಕ ಒಂದು ಉದ್ದ ನೋಟ್‌ಬುಕ್‌ನಲ್ಲಿ ಮೊದಲ ತಿಂಗಳ ಖರ್ಚನ್ನು ಬರೆದಿಟ್ಟಿದ್ದರು. ಏಜೆನ್ಸಿಯ ಮೂಲಕ ಬಂದು ಹಗಲೂ ರಾತ್ರಿ ಜೊತೆಗಿದ್ದ ಹೋಮ್ ನರ್ಸ್‌ಗೆ 27,000, ಫಿಸಿಯೋಥೆರಪಿಗೆ 6,000, ಡೈಪರ್ ಮತ್ತು ಹಾಸಿಗೆಗೆ ಹಾಸುವ ಶೀಟುಗಳಿಗೆ 4,500, ಔಷಧಿಗೆ 3,800. ಒಟ್ಟು 41,300 ರೂಪಾಯಿ. ಹಾಸಿಗೆ ಹುಣ್ಣಾಗದಿರಲೆಂದು ತಂದ ಏರ್ ಬೆಡ್ ಮತ್ತು ವಾಕರ್ ಇದರಲ್ಲಿ ಸೇರಿರಲಿಲ್ಲ. ಅಪ್ಪನ ನಂತರ ಬರುತ್ತಿದ್ದ ಕುಟುಂಬ ಪಿಂಚಣಿ 18,600. ಅವರು ಬಿಟ್ಟುಹೋದ 15 ಲಕ್ಷವನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ. 8.2ರ ಬಡ್ಡಿಗೆ ಇಟ್ಟಿದ್ದೆವು. ಮೂರು ತಿಂಗಳಿಗೊಮ್ಮೆ 30,750, ಅಂದರೆ ತಿಂಗಳಿಗೆ 10,250 ಬರುತ್ತಿತ್ತು. ಕೊರತೆ ಬಿದ್ದದ್ದು 12,450. ಅದನ್ನು ಮೂವರೂ ಸಮನಾಗಿ, ತಲಾ 4,150ರಂತೆ ಹಂಚಿಕೊಂಡೆವು. ಮೊತ್ತವನ್ನು ಬಾಯಿಬಿಟ್ಟು ಹೇಳಿ ಬರೆದಿಟ್ಟದ್ದರಿಂದ ಯಾರ ಮನಸ್ಸೂ ಕಹಿಯಾಗಲಿಲ್ಲ ಎಂದು ನಾನು ನಂಬಿದ್ದೇನೆ. ಆ ಯೋಜನೆಯಲ್ಲಿ 60 ದಾಟಿದವರು 30 ಲಕ್ಷದವರೆಗೆ ಇಡಬಹುದು, ಇಟ್ಟ ದಿನದ ಬಡ್ಡಿದರ ಐದು ವರ್ಷ ಬದಲಾಗುವುದಿಲ್ಲ. ಆದರೆ ಹೋಮ್ ನರ್ಸ್ ಸಂಬಳ ವರ್ಷವರ್ಷವೂ ಏರುತ್ತದೆ. ಆದ್ದರಿಂದ ಇಂದಿನ ಕೊರತೆಯನ್ನೇ ಮುಂದಿನ ಐದು ವರ್ಷಕ್ಕೂ ಗುಣಿಸಿ ನೆಮ್ಮದಿಯಾಗಿರುವುದು ತಪ್ಪು.

ನಡುವೆ ಏಜೆನ್ಸಿಯವರು ಹೇಳದೆ ಕೇಳದೆ ಹೋಮ್ ನರ್ಸ್‌ರನ್ನು ಬದಲಾಯಿಸಿ, ನಾಲ್ಕು ದಿನ ಯಾರೂ ಇಲ್ಲದಂತಾದಾಗ ಬೇರೆ ದಾರಿಗಳನ್ನೂ ನೋಡಿದೆವು. ಹೋದ ಮೂರು ವೃದ್ಧಾಶ್ರಮಗಳಲ್ಲಿಯೂ ಮೊದಲು ಕೇಳಿದ ಪ್ರಶ್ನೆ, “ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರಾ?” ಎಂಬುದು. ಹಾಸಿಗೆ ಹಿಡಿದವರನ್ನು ಅಲ್ಲಿ ಸೇರಿಸಿಕೊಳ್ಳುತ್ತಿರಲಿಲ್ಲ. ನರ್ಸ್‌ಗಳಿರುವ ಆರೈಕೆ ಕೇಂದ್ರಗಳು ಸೇರಿಸಿಕೊಳ್ಳುತ್ತವೆ, ಆದರೆ ಠೇವಣಿ ಕೇಳುತ್ತವೆ. ಅದರಲ್ಲಿ ಎಷ್ಟು ಮರಳಿ ಬರುತ್ತದೆ, ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಶುಲ್ಕ ಕಟ್ಟಬೇಕೇ, ಸ್ಥಿತಿ ಬಿಗಡಾಯಿಸಿದರೆ ದರ ಎಷ್ಟಾಗುತ್ತದೆ ಎಂಬುದನ್ನು ಸಹಿ ಹಾಕುವ ಮೊದಲೇ ಬರಹದಲ್ಲಿ ಪಡೆಯಬೇಕು. ಬೆಂಗಳೂರು, ಮೈಸೂರುಗಳಲ್ಲಿ ಹಿರಿಯರಿಗೆಂದೇ ಕಟ್ಟಿದ ಫ್ಲ್ಯಾಟ್‌ಗಳು ಓಡಾಡಿಕೊಂಡಿರುವ ದಂಪತಿಗೆ ಚೆನ್ನ. ಆದರೆ ಅಲ್ಲಿನ ತಿಂಗಳ ನಿರ್ವಹಣಾ ಶುಲ್ಕದಲ್ಲಿ ಶುಶ್ರೂಷೆಯೂ ಸೇರಿದೆ ಎಂದು ತಿಳಿದುಕೊಳ್ಳಬಾರದು.

ಕೊನೆಗೆ ಅಮ್ಮನನ್ನೇ ಕೇಳಿದೆವು. ಇದನ್ನು ಮೊದಲೇ ಮಾಡಬೇಕಿತ್ತು. ತುಳಸಿಕಟ್ಟೆ ಕಾಣುವ ಕಿಟಕಿಯ ಪಕ್ಕ ಮಂಚ ಹಾಕಿಕೊಟ್ಟರೆ ಸಾಕು, ಎಲ್ಲಿಗೂ ಬರುವುದಿಲ್ಲ ಎಂದರು. ಹಾಗಾಗಿ ಮನೆಯಲ್ಲೇ ಆರೈಕೆ ಮುಂದುವರಿಯಿತು, ಬಚ್ಚಲಿಗೆ ಹಿಡಿಕಂಬಿ ಬಂದವು, ನೆಲಕ್ಕೆ ಜಾರದ ಟೈಲ್ಸ್ ಬಂದವು. ಅವನ್ನು ಎರಡು ವರ್ಷ ಮೊದಲೇ ಹಾಕಿಸಿದ್ದರೆ ಎಂಬ ಕೊರಗು ನನ್ನನ್ನು ಇನ್ನೂ ಬಿಟ್ಟಿಲ್ಲ.

ಮನೆಯ ವಿಷಯದಲ್ಲಿ ಒಂದು ಮಾತು. ನೋಡಿಕೊಳ್ಳುವ ಮಗನ ಹೆಸರಿಗೆ ಈಗಲೇ ದಾನಪತ್ರ ಮಾಡಿಬಿಡಿ ಎಂದು ನೆಂಟರು ಅಮ್ಮನಿಗೆ ಹೇಳುತ್ತಿದ್ದರು. ನಾನೇ ಬೇಡವೆಂದೆ, ಉಯಿಲು ಬರೆಸಿದರೆ ಬದುಕಿರುವವರೆಗೂ ಮನೆ ಅವರದೇ ಆಗಿರುತ್ತದೆ, ಮನಸ್ಸು ಬದಲಾದರೆ ಉಯಿಲನ್ನೂ ಬದಲಿಸಬಹುದು. ದಾನಪತ್ರವನ್ನೇ ಮಾಡುವುದಾದರೆ, ಮೂಲ ಸೌಕರ್ಯ ಮತ್ತು ಆರೈಕೆ ಒದಗಿಸಬೇಕೆಂಬ ಷರತ್ತನ್ನು ಪತ್ರದಲ್ಲೇ ಸ್ಪಷ್ಟವಾಗಿ ಬರೆಸಿ. ಆ ಷರತ್ತು ಮುರಿದುಬಿದ್ದರೆ, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣಾ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಿ ಪತ್ರವನ್ನು ರದ್ದುಪಡಿಸುವಂತೆ ಕೋರಬಹುದು. ಎಲ್ಲಿ ವಿಚಾರಿಸಬೇಕೆಂದು ತೋಚದಿದ್ದರೆ ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು, ಅದಕ್ಕೆ ಹಣ ಕೊಡಬೇಕಿಲ್ಲ.