ನಾಡಿ ಸರಿ ಆತು, ಗುಳಿಗಿ ಯಾಕ?

ಜುಲೈ 14, 2025, ಸೋಮವಾರ
ಹುಬ್ಬಳ್ಳಿ

ಸಂಜೆಯಿಂದ ಜಿಟಿಜಿಟಿ ಮಳೆ. ಬೆಟಗೇರಿ ಅಜ್ಜಿಯ ಮಾತು ಇನ್ನೂ ಕಿವಿಯಲ್ಲೇ ಇದೆ. "ನಾಡಿ ಸರಿ ಬಡೀಲಿಕತ್ತೈತಿ ಅಂತ ನೀವ ಹೇಳೀರಿ. ಮತ್ತ ರಕ್ತ ತೆಳು ಮಾಡೋ ಗುಳಿಗಿ ಯಾಕ್ರೀ?"

ಅಜ್ಜಿಗಿದ್ದದ್ದು ಎಎಫ್, ಹೃದಯದ ಮೇಲಿನ ಕೋಣೆ ಲಯ ತಪ್ಪಿ ಅದುರುವ ರೋಗ. ಶಾಕ್ ಕೊಟ್ಟು ಲಯ ಮರಳಿಸಿ ಇಂದಿಗೆ ಎಂಟು ದಿನ. ಮೂರು ದಿನದಿಂದ ಗುಳಿಗೆ ಮುಟ್ಟಿಲ್ಲ. ರಕ್ತದ ಹೆಪ್ಪು ಮಿದುಳಿಗೆ ಜಾರುವ ಭಯ ಹೆಚ್ಚಿರುವುದು ಈ ಮೊದಲ ಹತ್ತು ದಿನಗಳಲ್ಲೇ. ಎದೆ ಧಸಕ್ಕೆಂದಿತು.

ಇಸಿಜಿಯಲ್ಲಿ ಪಿ ಅಲೆ ಚಂದ ಕಾಣುತ್ತಿದೆ, ನಿಜ. ಆದರೆ ಪಿ ಅಲೆ ಹೇಳುವುದು ಮೇಲಿನ ಕೋಣೆಯಲ್ಲಿ ವಿದ್ಯುತ್ತು ಹರಿಯಿತು ಎಂದಷ್ಟೇ. ಗೋಡೆ ಹಿಂಡಿತೋ ಇಲ್ಲವೋ ಎನ್ನುವುದಕ್ಕೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ನೋಡಬೇಕು. ಅಜ್ಜಿಯ ಮೈಟ್ರಲ್ ಕವಾಟದ ಬಳಿ, ಆ ಹಿಂಡುವಿಕೆಯ ಗುರುತಾದ ಎ ಅಲೆ ಗಿಡ್ಡ. ಎಡ ಹೃತ್ಕರ್ಣ, ಅಂದರೆ ಎಡಗಡೆಯ ಮೇಲಿನ ಕೋಣೆ, 46 ಮಿ.ಮೀ., 40ರ ಒಳಗಿರಬೇಕಾದದ್ದು.

ಎಎಫ್ ಇದ್ದಾಗ ಹೃತ್ಕರ್ಣದಲ್ಲಿ ನಿಮಿಷಕ್ಕೆ 350ರಿಂದ 600 ಕಿಡಿಗಳು ಏಳುತ್ತವೆ. ಮೇಲಿನ, ಕೆಳಗಿನ ಕೋಣೆಗಳ ನಡುವಿನ ವಿದ್ಯುತ್ ದ್ವಾರವಾದ ಎವಿ ನೋಡ್ ಬಹಳಷ್ಟನ್ನು ತಡೆಯುವುದರಿಂದ ಕೈನಾಡಿಗೆ ಅಷ್ಟೆಲ್ಲ ತಿಳಿಯುವುದಿಲ್ಲ. ಪ್ರತಿ ಕಿಡಿಗೂ ಜೀವಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಆ ಹೊರೆ ತಾಳದೆ ಕೋಶ ಕ್ಯಾಲ್ಸಿಯಂ ಬಾಗಿಲುಗಳನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಆಗ ಕೋಶ ದಣಿವಾರಿಸಿಕೊಳ್ಳುವ ಹೊತ್ತು ಗಿಡ್ಡವಾಗಿ, ಅದೇ ಕೋಣೆಯಲ್ಲಿ ಇನ್ನಷ್ಟು ವಿದ್ಯುತ್ ಸುಳಿಗಳಿಗೆ ಜಾಗವಾಗುತ್ತದೆ. ಎಎಫ್ ಎಎಫನ್ನೇ ಹೆರುತ್ತದೆ ಎಂದು 1995ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನ ಸಂಶೋಧಕರು ಆಡುಗಳಲ್ಲಿ ತೋರಿಸಿದ್ದು ಇದನ್ನೇ.

ಸ್ನಾಯು ಹಿಂಡಬೇಕೆಂದರೂ ಬೇಕಾದದ್ದು ಅದೇ ಕ್ಯಾಲ್ಸಿಯಂ! ವಿದ್ಯುತ್ತಿನ ಬದಲಾವಣೆ ಕೆಲ ದಿನಗಳಲ್ಲಿ ಸರಿಹೋಗುತ್ತದೆ, ಹಿಂಡುವ ಬಲ ಮರಳಲು ವಾರಗಳೇ ಬೇಕು. ಅಲ್ಲಿಯವರೆಗೆ ಎಡ ಹೃತ್ಕರ್ಣಕ್ಕೆ ಅಂಟಿದ ಹೆಬ್ಬೆರಳಿನಂಥ ಚೀಲದಲ್ಲಿ, ಹೃತ್ಕರ್ಣದ ಕಿವಿ ಎನ್ನುವುದರಲ್ಲಿ, ರಕ್ತ ಮಡುಗಟ್ಟುತ್ತದೆ. ಕವಾಟದ ರೋಗ ಇಲ್ಲದವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಹೆಪ್ಪು ಹುಟ್ಟುವುದು ಅಲ್ಲೇ. ಶಾಕ್ ನಂತರ ಕನಿಷ್ಠ ನಾಲ್ಕು ವಾರ ಗುಳಿಗೆ ಬಹುತೇಕ ಯಾರಿಗೂ ತಪ್ಪದು ಎನ್ನುವುದು ಇದಕ್ಕೇ.

ವಿದ್ಯುತ್ತು, ಹಿಂಡುವ ಬಲ ಆದ ಮೇಲೆ ಮೂರನೆಯ ಬದಲಾವಣೆ ಸ್ನಾಯುವಿನಲ್ಲಿ ಉಳಿಯುವ ಗಾಯದ ಕಲೆ. ಅಜ್ಜಿಗೆ ಇದನ್ನು ಮಗ್ಗದ ಮಾತಿನಲ್ಲಿ ಹೇಳಿದಾಗ ತಟ್ಟನೆ ಹತ್ತಿತು. ಹಾಸಿನ ಎಳೆಗಳ ನಡುವೆ ಗಂಜಿ ಗಟ್ಟಿಯಾಗಿ ಅಂಟಿಕೊಂಡರೆ ಲಾಳಿ ಸಲೀಸಾಗಿ ಓಡುತ್ತದೆಯೇ? ಸ್ನಾಯುವಿನ ಎಳೆಗಳ ನಡುವೆ ನಾರು ಬೆಳೆದಾಗಲೂ ವಿದ್ಯುತ್ತು ತಡೆದು, ಸುತ್ತು ಬಳಸಿ, ಬಂದ ದಾರಿಗೇ ಮರಳಿ ಸುಳಿಯಾಗುತ್ತದೆ. "ಹಂಗಾರ ಆ ಗಂಜಿ ತೊಳ್ಯಾಕ ಬರೂದಿಲ್ಲೇನ್ರೀ?" ಎಂದರು. ಬರುವುದಿಲ್ಲ. ಬಿಪಿ, ತೂಕ ಹಿಡಿತಕ್ಕೆ ಬಂದರೆ ಕೋಣೆ ಒಂದಿಷ್ಟು ಕುಗ್ಗಬಹುದು. ಬಲಿತ ನಾರು ಉಳಿದೇ ಉಳಿಯುತ್ತದೆ.

ಅಜ್ಜಿಗೆ 67, ಬಿಪಿ ಬೇರೆ. ಪಾರ್ಶ್ವವಾಯುವಿನ ಅಪಾಯ ಲೆಕ್ಕ ಹಾಕುವಾಗ ವಯಸ್ಸಿಗೊಂದು, ಬಿಪಿಗೊಂದು ಅಂಕ. ಇಸಿಜಿ ಸರಿ ಬಂತೆಂದು ಆ ಅಂಕಗಳು ಅಳಿಯುವುದಿಲ್ಲ. ನಾಲ್ಕು ವಾರದ ಮೇಲೂ ಗುಳಿಗೆ ಮುಂದುವರಿಯುವುದು ಆ ಲೆಕ್ಕದ ಮೇಲೆ.

ಅಪಿಕ್ಸಾಬಾನ್ 5 ಮಿ.ಗ್ರಾಂ, ಮುಂಜಾನೆ ಒಂದು, ರಾತ್ರಿ ಒಂದು. ಮರೆತರೆ ಅದೇ ದಿನ ನೆನಪಾದ ಕೂಡಲೇ ನುಂಗಬೇಕು, ಎರಡು ಒಟ್ಟಿಗೆ ಬೇಡ. ಮೊಣಕಾಲು ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ತರಿಸಬಾರದು, ರಕ್ತಸ್ರಾವ ಹೆಚ್ಚುತ್ತದೆ. ಹಕ್ಕರಕಿ, ಮೆಂತ್ಯೆ ಬಿಡಬೇಕೇ ಎಂದು ಸೊಸೆ ಕೇಳಿದಳು. ಈ ಗುಳಿಗೆಗೆ ಆ ಪಥ್ಯ ಇಲ್ಲ. ಓಣಿಯಲ್ಲಿ ಯಾರೋ ವಾರ್ಫರಿನ್ ನುಂಗುತ್ತಾರಂತೆ, ಅವರು ಸೊಪ್ಪನ್ನು ಪ್ರತಿ ವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಬೇಕು, ರಕ್ತ ಎಷ್ಟು ತೆಳುವಾಗಿದೆ ಎಂದು ಅಳೆಯುವ ಐಎನ್‌ಆರ್ ಅನ್ನು 2ರಿಂದ 3ರೊಳಗೆ ಇಟ್ಟುಕೊಳ್ಳಬೇಕು. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯದೆ ಸಿಟಿ ಸ್ಕ್ಯಾನ್ ಇರುವಲ್ಲಿಗೆ ಓಡಬೇಕು. ಇದನ್ನು ಮಾತ್ರ ಸೊಸೆಯ ಬಾಯಲ್ಲಿ ಎರಡು ಸಲ ಹೇಳಿಸಿದ್ದಾಯಿತು.

ಅಜ್ಜಿ ಅಲ್ಲೇ ನೀರು ತರಿಸಿಕೊಂಡು ಒಂದು ಗುಳಿಗೆ ನುಂಗಿದರು. ಬಿಟ್ಟ ಆ ಮೂರು ದಿನದಲ್ಲಿ ಚೀಲದೊಳಗೆ ಏನಾದರೂ ಕಟ್ಟಿದ್ದರೆ