ನಾಲಿಗೆ ಅಂದರೆ ಯಾವ ನಾಲಿಗೆ?

ತಪ್ಪು ರಿಪೋರ್ಟ್ ಒಂಟಿಯಾಗಿ ಹೋದರೆ ಎಲ್ಲೋ ಒಂದು ಕಡೆ ಯಾರಾದರೂ ಹಿಡಿಯುತ್ತಾರೆ. ಎರಡು ತಪ್ಪು ಒಂದಕ್ಕೊಂದು ಸಾಕ್ಷಿ ಹೇಳಿಕೊಂಡು ಹೋದರೆ ಹಿಡಿಯುವವರೇ ಇಲ್ಲ. ಕ್ಯಾನ್ಸರ್ ಬಯಾಪ್ಸಿ ನೋಡುವ ನಮ್ಮ ಲ್ಯಾಬಿನಿಂದ, ನಾಲಿಗೆಯ ಒಂದು ಕೇಸಿನಲ್ಲಿ, ಹಾಗೆ ಜೋಡಿಯಾಗಿ ಹೋದವು. ಒಂದೇ ಬ್ಲಾಕ್ (ಮೇಣದಲ್ಲಿ ಕೂರಿಸಿದ ಬಯಾಪ್ಸಿ ತುಣುಕು), ಪ್ರೋಟೀನ್‌ಗೆ ಬಣ್ಣ ಹಚ್ಚಿ ನೋಡುವ ಇಮ್ಯೂನೋದಲ್ಲಿ ಪಿ16 ಪಾಸಿಟಿವ್, ಜೀನ್ ಓದುವ ಎನ್‌ಜಿಎಸ್ ಪ್ಯಾನೆಲ್‌ನಲ್ಲಿ ಟಿಪಿ53 ಮ್ಯುಟೇಶನ್ ಕಂಡುಬಂದಿಲ್ಲ. ಈ ಎರಡು ಸಾಲು ಒಟ್ಟಿಗೆ ಓದಿದ ಯಾರಿಗೂ ಎಚ್‌ಪಿವಿ ವೈರಸ್‌ನಿಂದ ಬಂದ ಟ್ಯೂಮರ್ ಅಂತಲೇ ಅನಿಸುತ್ತದೆ: ಅಂಥದರಲ್ಲಿ ಪಿ16 ಏರಿರುತ್ತದೆ, ಟಿಪಿ53 ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಸಹಿಯಾಗಿ ರಿಪೋರ್ಟ್ ಸೈನ್ ಔಟ್ ಆಯಿತು, ಎಷ್ಟು ಬೇಗ ಮುಗಿಯಿತು ಅಂತ ತೋರಿಸುವ ಟಿಎಟಿ ಡ್ಯಾಶ್‌ಬೋರ್ಡ್‌ನಲ್ಲಿ ಕೇಸ್ ಹಸಿರಾಯಿತು, ಮ್ಯಾನೇಜ್‌ಮೆಂಟಿಗೂ ಸಂತೋಷ.

ರಿಕ್ವಿಸಿಷನ್‌ನಲ್ಲಿ ಇದ್ದದ್ದು ‘ಸಿಎ ಟಂಗ್’, ಅಂದರೆ ನಾಲಿಗೆಯ ಕ್ಯಾನ್ಸರ್. ನಮ್ಮ ಲ್ಯಾಬಿನ ಸಾಫ್ಟ್‌ವೇರ್ ಎಲ್‌ಐಎಂಎಸ್‌ನ ಸೈಟ್ ಡ್ರಾಪ್‌ಡೌನ್‌ನಲ್ಲೂ ಬರೀ ‘ಟಂಗ್’. ನಾಲಿಗೆ ಮೇಲೆ ಹಿಂದುಗಡೆ ಇರುವ ಸರ್ಕಮ್‌ವ್ಯಾಲೇಟ್ ಪ್ಯಾಪಿಲ್ಲೆ ಎಂಬ ಗುಳ್ಳೆಸಾಲಿನ ಮುಂದಿನ ಮೂರರಲ್ಲಿ ಎರಡು ಭಾಗ ಬಾಯಿಗೆ ಸೇರಿದ್ದು, ಹಿಂದಿನ ಬುಡ ಓರೋಫ್ಯಾರಿಂಕ್ಸ್‌ಗೆ (ಗಂಟಲಿನ ಮಧ್ಯಭಾಗಕ್ಕೆ) ಸೇರಿದ್ದು. ಪಿ16ಗೆ ಬೆಲೆ ಇರುವುದು ಆ ಹಿಂದಿನ ಭಾಗದಲ್ಲಿ. 2010ರಲ್ಲಿ ಆಂಗ್ ತಂಡ ತೋರಿಸಿದ 3 ವರ್ಷದ ಸರ್ವೈವಲ್, ಎಚ್‌ಪಿವಿ ಇದ್ದವರಲ್ಲಿ ಶೇ. 82.4, ಇಲ್ಲದವರಲ್ಲಿ ಶೇ. 57.1, ಪೂರ್ತಿ ಓರೋಫ್ಯಾರಿಂಕ್ಸ್‌ನ ಲೆಕ್ಕ. ಬಾಯಿಯ ಕ್ಯಾನ್ಸರ್‌ಗೆ ಅದನ್ನು ಎತ್ತಿ ಅಂಟಿಸಲು ಬರುವುದಿಲ್ಲ. ಅಮೆರಿಕದ ಪೆಥಾಲಜಿಸ್ಟರ ಸಂಸ್ಥೆ ಸಿಎಪಿಯ 2018ರ ಗೈಡ್‌ಲೈನ್ ಕೂಡ ಬಾಯಿಯ ಟ್ಯೂಮರ್‌ಗಳಿಗೆ ರೂಢಿಯಂತೆ ಪಿ16 ಮಾಡಬೇಡಿ ಅಂತಲೇ ಹೇಳುತ್ತದೆ.

ಇದು ಕಾಗದದ ಜಗಳ ಅಲ್ಲ. ಟಿ2 ಟ್ಯೂಮರ್, ಕುತ್ತಿಗೆಯ ಒಂದೇ ಬದಿಯಲ್ಲಿ ಕ್ಯಾನ್ಸರ್ ತಲುಪಿದ ಮೂರು ನೋಡ್ (ಲಿಂಫ್ ಗಂಟು), ಯಾವುದೂ 6 ಸೆಂ.ಮೀ. ದಾಟಿಲ್ಲ, ಇಎನ್‌ಇ (ಗಂಟಿನ ಹೊದಿಕೆ ಒಡೆದು ಹೊರಬಂದ ಕ್ಯಾನ್ಸರ್) ಇಲ್ಲ ಅಂದುಕೊಳ್ಳಿ. ಬಾಯಿಯದಾದರೆ ಎನ್2ಬಿ, ಸ್ಟೇಜ್ 4ಎ. ಸ್ಟೇಜ್ ನಿರ್ಧರಿಸುವ ಎಜೆಸಿಸಿ ಕೈಪಿಡಿಯ 8ನೇ ಆವೃತ್ತಿಯಲ್ಲಿ ಪಿ16 ಪಾಸಿಟಿವ್ ಓರೋಫ್ಯಾರಿಂಕ್ಸ್ ಆದರೆ ಅದೇ ನೋಡುಗಳು ಎನ್1, ಸ್ಟೇಜ್ 1. ಮೊದಲನೆಯದಕ್ಕೆ ಸರ್ಜರಿ, ನೆಕ್ ಡಿಸೆಕ್ಷನ್, ಆಮೇಲೆ ರೇಡಿಯೇಶನ್. ಎರಡನೆಯದಕ್ಕೆ ಕತ್ತಿ ಮುಟ್ಟದೆ ಕೀಮೋರೇಡಿಯೇಶನ್ ಯೋಚನೆ ಬರುತ್ತದೆ. ಡ್ರಾಪ್‌ಡೌನ್‌ನಲ್ಲಿ ಇಲ್ಲದ ಒಂದು ಪದಕ್ಕೆ ಇಷ್ಟು ತೂಕ.

ಮೊದಲ ತಪ್ಪು ಪಿ16 ಓದಿದ್ದರಲ್ಲಿ. ಕಟ್‌ಆಫ್ ಗೊತ್ತಿರುವುದೇ: ಟ್ಯೂಮರ್ ಜೀವಕೋಶಗಳಲ್ಲಿ ಶೇ. 70 ಅಥವಾ ಹೆಚ್ಚು, ನ್ಯೂಕ್ಲಿಯಸ್ ಮತ್ತು ಸೈಟೋಪ್ಲಾಸಂ ಎರಡರಲ್ಲೂ, ಮಧ್ಯಮದಿಂದ ಗಾಢ ಬಣ್ಣ. ಈ ಸ್ಲೈಡಿನ ಒಂದು ಅಂಚು ಕಡುಕಂದು, ನೋಡಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಉಳಿದ ಕಡೆ ಚುಕ್ಕೆ ಚುಕ್ಕೆ, ಅದರಲ್ಲೂ ಕೆಲವು ಕಡೆ ಬರೀ ಸೈಟೋಪ್ಲಾಸಂ. ಟೆಂಪ್ಲೇಟ್‌ನಲ್ಲಿ ಪಾಸಿಟಿವ್, ನೆಗೆಟಿವ್ ಎರಡೇ ಗುಂಡಿ, ಶೇಕಡಾ ಬರೆಯಲು ಜಾಗವಿಲ್ಲ. ಕಣ್ಣಂದಾಜಿನಲ್ಲಿ 70 ಅನಿಸಿತು, ಗುಂಡಿ ಒತ್ತಿದೆ. ಆಮೇಲೆ ಇಬ್ಬರು ಬೇರೆ ಬೇರೆ ಕೂತು ಎಣಿಸಿದಾಗ ಬಂದದ್ದು 45 ಮತ್ತು 50.

ಎರಡನೆಯ ತಪ್ಪು ಬ್ಲಾಕನ್ನು ತೆಳ್ಳಗೆ ಕತ್ತರಿಸುವ ಮೈಕ್ರೋಟೋಮ್ ಹತ್ತಿರ ಶುರುವಾಯಿತು. ಹೊರಗಿನಿಂದ ಬಂದ ಬ್ಲಾಕ್, 2 ಮಿ.ಮೀ. ಬಯಾಪ್ಸಿ. ಜೊತೆಗೆ ಬಂದ ಎಚ್ ಅಂಡ್ ಇ (ಮಾಮೂಲಿ ಬಣ್ಣದ ಸ್ಲೈಡ್) ನೋಡಿ ‘ಟ್ಯೂಮರ್ ಶೇ. 60’ ಅಂತ ಬರೆದದ್ದು ಸರಿಯಾಗಿಯೇ ಇತ್ತು, ಆ ಸ್ಲೈಡಿನ ಮಟ್ಟಿಗೆ. ಆ ಸ್ಲೈಡಾದ ಮೇಲೆ ಇಮ್ಯೂನೋಗೆ ಪಿ40, ಪಿ16, ಕಂಟ್ರೋಲ್ ಕೈಕೊಟ್ಟು ಇನ್ನೊಮ್ಮೆ ಪಿ16. ಪ್ರತಿ ಸಲ ಬ್ಲಾಕ್ ಕೂರಿಸಿ, ಮೇಲ್ಮೈ ಸಮ ಬರಲು ಫೇಸ್ ಮಾಡುವಾಗ ಹೋದ ಟಿಶ್ಯೂಗೆ ಲೆಕ್ಕವಿಲ್ಲ. ಇಷ್ಟಾದ ಮೇಲೆ ಡಿಎನ್‌ಎಗೆ 10 ಮೈಕ್ರಾನಿನ 8 ಸೆಕ್ಷನ್. ಕೊನೆಯಲ್ಲಿ ಒಂದು ಎಚ್ ಅಂಡ್ ಇ ತೆಗೆಯಬೇಕಿತ್ತು, ತೆಗೆಯಲಿಲ್ಲ. ಆಮೇಲೆ ತೆಗೆದು ನೋಡಿದರೆ ನಾಲಿಗೆಯ ಸ್ನಾಯು, ದಂಡಿಯಾಗಿ ಲಿಂಫೋಸೈಟ್, ಮಧ್ಯೆ ಟ್ಯೂಮರ್ ಕೋಶಗಳ ಎರಡು ಸಣ್ಣ ನೆಸ್ಟ್.

ಇಲ್ಲಿ ಇನ್ನೊಂದು ಬಲೆ ಇದೆ. ಟ್ಯೂಮರ್ ಶೇಕಡಾವನ್ನು ಜಾಗ ನೋಡಿ ಹೇಳುವುದಲ್ಲ, ನ್ಯೂಕ್ಲಿಯಸ್ ಎಣಿಸಿ ಹೇಳುವುದು. ಸ್ಕ್ವೇಮಸ್ ಕೋಶ ದೊಡ್ಡದು, ಒಂದು ನ್ಯೂಕ್ಲಿಯಸ್‌ಗೆ ಊರಗಲ ಸೈಟೋಪ್ಲಾಸಂ. ಅಷ್ಟೇ ಜಾಗದಲ್ಲಿ ಲಿಂಫೋಸೈಟ್‌ಗಳು ಹತ್ತಾರು ಹಿಡಿಯುತ್ತವೆ. ಕಣ್ಣಿಗೆ ಅರ್ಧ ಟ್ಯೂಮರ್ ಕಂಡರೂ ಟ್ಯೂಬಿಗೆ ಇಳಿಯುವ ಡಿಎನ್‌ಎಯಲ್ಲಿ ಅದರ ಪಾಲು ಎಷ್ಟೋ ಕಡಿಮೆ ಇರಬಹುದು.

ಎಕ್ಸ್‌ಟ್ರಾಕ್ಷನ್ ತಕರಾರಿಲ್ಲದೆ ಮುಗಿಯಿತು. ಪ್ರೋಟಿನೇಸ್ ಕೆ 56 ಡಿಗ್ರಿಯಲ್ಲಿ, ಫಾರ್ಮಲಿನ್ ಕ್ರಾಸ್‌ಲಿಂಕ್ ಬಿಡಿಸಲು 90 ಡಿಗ್ರಿಯಲ್ಲಿ 1 ಗಂಟೆ. ಡಿಎನ್‌ಎ ಅಳೆಯುವ ಎರಡು ಯಂತ್ರಗಳಲ್ಲಿ ನ್ಯಾನೋಡ್ರಾಪ್ 48 ತೋರಿಸಿತು, ಕ್ಯೂಬಿಟ್ 11. ನ್ಯಾನೋಡ್ರಾಪ್ ಆರ್‌ಎನ್‌ಎ, ಒಂಟಿ ಎಳೆ ಎಲ್ಲವನ್ನೂ ಸೇರಿಸಿ ಓದುವುದರಿಂದ ನಾವು ನಂಬುವುದು ಕ್ಯೂಬಿಟ್ಟನ್ನೇ. ಲೈಬ್ರರಿ ಪಾಸ್, ಕವರೇಜ್ ಪಾಸ್. ಕ್ಯೂಸಿ ಹೇಳುವುದು ಡಿಎನ್‌ಎ ಚೆನ್ನಾಗಿದೆ ಅಂತ. ಯಾವ ಕೋಶದ ಡಿಎನ್‌ಎ ಅಂತ ಅದು ಹೇಳುವುದಿಲ್ಲ. ಲಿಂಫೋಸೈಟ್ ಡಿಎನ್‌ಎ ತುಂಬಾ ಚೆನ್ನಾಗಿ ಸೀಕ್ವೆನ್ಸ್ ಆಗುತ್ತದೆ.

ಈಗಲೂ ಚುಚ್ಚುವುದು ಮುಂದಿನದು. ಟಿಪಿ53ಯಲ್ಲಿ ಒಂದು ಬದಲಾವಣೆಯನ್ನು ಸಾಫ್ಟ್‌ವೇರ್ ಗುರುತಿಸಿತ್ತು: ಆರ್175ಎಚ್ (175ನೇ ಕೋಡಾನ್‌ನಲ್ಲಿ ಆರ್ಜಿನಿನ್ ಬದಲು ಹಿಸ್ಟಿಡಿನ್), 524ನೇ ಜಾಗದಲ್ಲಿ ಜಿ ಹೋಗಿ ಎ, ವಿಎಎಫ್ (ಆ ಬದಲಾವಣೆ ಇರುವ ರೀಡ್‌ಗಳ ಪಾಲು) ಶೇ. 3. ಫಿಲ್ಟರ್ ಇರುವುದು ಶೇ. 5ಕ್ಕೆ, ಹಾಗಾಗಿ ರಿಪೋರ್ಟಿಗೆ ಬರಲಿಲ್ಲ. ಆದರೂ ರೀಡ್‌ಗಳನ್ನು ತೋರಿಸುವ ಐಜಿವಿಯಲ್ಲಿ ತೆರೆದು ನೋಡಿದ್ದೆ. ನೋಡಿ, ‘ಫಾರ್ಮಲಿನ್ ಆರ್ಟಿಫ್ಯಾಕ್ಟ್’ ಅಂತ ಮುಚ್ಚಿದ್ದೆ. ಕಾರಣ ಇಲ್ಲದೆ ಅಲ್ಲ. ಫಾರ್ಮಲಿನ್‌ನಲ್ಲಿ ಸೈಟೋಸಿನ್ ಡಿಅಮಿನೇಟ್ ಆಗಿ ಸಿ ಇದ್ದಲ್ಲಿ ಟಿ, ಎದುರು ಎಳೆಯಲ್ಲಿ ಜಿ ಇದ್ದಲ್ಲಿ ಎ ಅಂತ ಓದಿಕೊಳ್ಳುತ್ತದೆ. ನಾವು ಯುಡಿಜಿ ಎಂಬ ಎನ್‌ಜೈಮ್ ಹಾಕುತ್ತೇವೆ, ಆದರೆ ಅದು ತೆಗೆಯುವುದು ಯುರಾಸಿಲ್ ಆದದ್ದನ್ನು. ಮೀಥೈಲ್ ಅಂಟಿದ ಸೈಟೋಸಿನ್ ಕೆಟ್ಟರೆ ನೇರ ಥೈಮಿನ್ ಆಗುತ್ತದೆ, ಯುಡಿಜಿ ಕೈಗೆ ಸಿಗುವುದಿಲ್ಲ. 175ನೇ ಕೋಡಾನ್ ಇರುವುದು ಅಂಥದೇ ಸಿಪಿಜಿ ಜಾಗದಲ್ಲಿ (ಸಿ ಪಕ್ಕದಲ್ಲಿ ಜಿ, ಮೀಥೈಲ್ ಅಂಟುವ ಕಡೆ). ತರ್ಕ ಸರಿ, ತೀರ್ಮಾನ ತಪ್ಪು. ಅದೇ ಸಿಪಿಜಿ ಗುಣದಿಂದಲೇ ಅದು ನಿಜವಾದ ಟ್ಯೂಮರ್‌ಗಳಲ್ಲೂ ಹಾಟ್‌ಸ್ಪಾಟ್. ಆರ್ಟಿಫ್ಯಾಕ್ಟ್ ಅನ್ನಲು ಒಂದೇ ದಾರಿ, ಬೇರೆ ಸೆಕ್ಷನ್‌ನಿಂದ ಬೇರೆಯಾಗಿ ಎಕ್ಸ್‌ಟ್ರಾಕ್ಟ್ ಮಾಡಿ ಮತ್ತೆ ಓಡಿಸುವುದು. ಹಾಳಾದ ಸೈಟೋಸಿನ್ ಎರಡನೇ ಸಲ ಅದೇ ಜಾಗದಲ್ಲಿ ಅದೇ ಪ್ರಮಾಣದಲ್ಲಿ ಸಿಗುವುದು ಅಪರೂಪ. ಮ್ಯುಟೇಶನ್ ಆದರೆ ಸಿಗುತ್ತದೆ. ಶೇ. 3 ವಿಎಎಫ್ ಹೆಟೆರೋಜೈಗಸ್ ಆಗಿದ್ದರೆ ಟ್ಯೂಮರ್ ಶೇ. 6ರ ಆಸುಪಾಸು ಇರಬೇಕು. ಪಕ್ಕದ ಕಾಲಂನಲ್ಲಿ 60 ಅಂತ ಬರೆದಿತ್ತು. ಎರಡು ಅಂಕಿಯನ್ನೂ ಒಟ್ಟಿಗೆ ನೋಡಲಿಲ್ಲ.

ಚಿಕಿತ್ಸೆ ನಿರ್ಧರಿಸುವ ವೈದ್ಯರ ಸಭೆ, ಟ್ಯೂಮರ್ ಬೋರ್ಡ್, ಶುರುವಾಗಲು 20 ನಿಮಿಷ ಇರುವಾಗ ಸರ್ಜರಿಯಿಂದ ಫೋನ್. ‘ಮೇಡಂ, ಫೈಲಲ್ಲಿ ಪಿ16 ಪಾಸಿಟಿವ್, ಸ್ಟೇಜ್ 1 ಅಂತ ಹಾಕಿದ್ದಾರೆ. ಇದು ಬೇಸ್ ಆಫ್ ಟಂಗ್ ಅಂತ ಯಾರು ಹೇಳಿದ್ದು? ನಾನು ನೋಡಿದೀನಿ, ಅಲ್ಸರ್ ಎಡ ಅಂಚಲ್ಲಿದೆ, ಮುಂದೆ.’ ಯಾರೂ ಹೇಳಿರಲಿಲ್ಲ. ಪಿ16 ಪಾಸಿಟಿವ್ ಅಂದದ್ದೇ ರೆಸಿಡೆಂಟ್‌ಗೆ ಬೇಸ್ ಆಫ್ ಟಂಗ್ ಅಂತ ಕೇಳಿಸಿತ್ತು. ಸ್ಲೈಡ್ ಟ್ರೇ ತೆಗೆದು 4ಎಕ್ಸ್‌ನಲ್ಲಿ ಇಟ್ಟ ಕೂಡಲೇ ಅಂಚಿನ ಕಂದು, ಮಧ್ಯದ ಖಾಲಿ, ಎರಡೂ ಕಂಡವು. ಸೈನ್ ಔಟ್ ದಿನ ನೇರ 20ಎಕ್ಸ್‌ಗೆ ಹೋಗಿತ್ತು ಕಣ್ಣು. ಉಳಿದ ಹತ್ತು ನಿಮಿಷ ಎಲ್‌ಐಎಂಎಸ್‌ನಲ್ಲಿ ರಿಪೋರ್ಟ್ ಹಿಂಪಡೆಯುವ ಗುಂಡಿ ಹುಡುಕುವುದಕ್ಕೆ ಹೋಯಿತು. ಅಪ್ರೂವಲ್ ಕೇಳುತ್ತದೆ, ಕೊಡುವವರು ಮೀಟಿಂಗಿನಲ್ಲಿ. ಕಡೆಗೆ ಪೇಪರಿನಲ್ಲಿ ‘ಪಿ16, ಟಿಪಿ53 ಎರಡೂ ತಡೆಹಿಡಿಯಲಾಗಿದೆ’ ಅಂತ ಬರೆದು, ಸಹಿ ಹಾಕಿ, ಅಟೆಂಡರ್ ಕೈಯಲ್ಲಿ ಕಳಿಸಿದ್ದು.

ಅದೇ ಬಯಾಪ್ಸಿಯ ಎರಡನೇ ಬ್ಲಾಕ್ ತರಿಸಿದೆವು. ಸ್ಲೈಡಿನಲ್ಲಿ ಟ್ಯೂಮರ್ ಸುತ್ತ ಪೆನ್ನಿನಿಂದ ಗುರುತು ಹಾಕಿ ಅಷ್ಟನ್ನೇ ಬ್ಲೇಡಿನಿಂದ ಕೆರೆದು ತೆಗೆದದ್ದು. ಆರ್175ಎಚ್, ವಿಎಎಫ್ ಶೇ. 31. ವೈರಸ್ಸನ್ನೇ ನೇರವಾಗಿ ಹುಡುಕುವ ಎಚ್‌ಪಿವಿ ಇ6/ಇ7 ಆರ್‌ಎನ್‌ಎ ಐಎಸ್‌ಎಚ್ ನೆಗೆಟಿವ್.

ಓರೋಫ್ಯಾರಿಂಕ್ಸ್‌ನಲ್ಲೇ ಆದರೂ ಪಿ16 ಒಂದನ್ನೇ ನಂಬಿ ಕೂರುವ ಕಾಲ ಹೋಯಿತು. 2023ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಬಂದ ಮೆಹನ್ನಾ ತಂಡದ 7,654 ರೋಗಿಗಳ ವಿಶ್ಲೇಷಣೆಯಲ್ಲಿ ಶೇ. 9.2 ಮಂದಿಗೆ ಪಿ16 ಒಂದು ಹೇಳಿದರೆ ಎಚ್‌ಪಿವಿ ಟೆಸ್ಟ್ ಇನ್ನೊಂದು ಹೇಳಿತ್ತು. ಎರಡೂ ಪಾಸಿಟಿವ್ ಇದ್ದವರ 5 ವರ್ಷದ ಸರ್ವೈವಲ್ ಶೇ. 81.1, ಪಿ16 ಮಾತ್ರ ಪಾಸಿಟಿವ್ ಇದ್ದವರದ್ದು 54.7. ಇನ್ನು ನಿಜವಾದ ಎಚ್‌ಪಿವಿ ಟ್ಯೂಮರ್ ಅಂತ ಸಿಸ್‌ಪ್ಲಾಟಿನ್ ಬಿಟ್ಟು ಸಿಟಕ್ಸಿಮ್ಯಾಬ್ ಕೊಟ್ಟ ಎರಡು ದೊಡ್ಡ ಟ್ರಯಲ್‌ಗಳಲ್ಲಿ, ಡಿ-ಎಸ್ಕಲೇಟ್ ಮತ್ತು ಆರ್‌ಟಿಒಜಿ 1016, ಫಲಿತಾಂಶ ಕೆಟ್ಟದ್ದೇ ಬಂತು.

ನಮ್ಮ ಕಡೆ ಬರುವ ಬ್ಲಾಕ್‌ಗಳಲ್ಲಿ ಕೆನ್ನೆ ಒಳಗಿನದು, ಒಸಡಿನದು ಜಾಸ್ತಿ. ಗುಟ್ಕಾ, ಅಡಿಕೆ, ಹೊಗೆಸೊಪ್ಪು. ಅಂಥವುಗಳಲ್ಲಿ ನೋಡಬೇಕಾದ ಜೀನ್‌ಗಳು ಯಾವುವು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಯೋಜನೆಯ (ಐಸಿಜಿಸಿ) ಭಾರತದ ತಂಡ 2013ರಲ್ಲೇ ಪ್ರಕಟಿಸಿದೆ: ಟಿಪಿ53, ಎಫ್‌ಎಟಿ1, ಕ್ಯಾಸ್ಪ್8, ಎಚ್‌ರಾಸ್, ನಾಚ್1, ಜೊತೆಗೆ ಯುಎಸ್‌ಪಿ9ಎಕ್ಸ್, ಎಆರ್‌ಐಡಿ2 ಇತ್ಯಾದಿ. ಹಾಗಂತ ಟಿಪಿ53 ಸಿಕ್ಕ ಕೂಡಲೇ ಭವಿಷ್ಯ ಹೇಳಲು ಕೂರಬಾರದು. 2007ರ ಪೊಯೆಟಾ ವರ್ಗೀಕರಣದಲ್ಲಿ ಕೆಟ್ಟ ಸರ್ವೈವಲ್ ಜೊತೆ ಗಟ್ಟಿಯಾಗಿ ಹೊಂದಿದ್ದು ‘ಡಿಸ್ರಪ್ಟಿವ್’, ಅಂದರೆ ಪ್ರೋಟೀನ್ ರಚನೆಯನ್ನು ಹೆಚ್ಚು ಕೆಡಿಸುವ ಮ್ಯುಟೇಶನ್‌ಗಳು. ಇಷ್ಟು ಹೆಸರುವಾಸಿ ಆರ್175ಎಚ್ ಅದರಲ್ಲಿ ಬರುವುದೇ ಇಲ್ಲ, ಆರ್ಜಿನಿನ್, ಹಿಸ್ಟಿಡಿನ್ ಎರಡೂ ಒಂದೇ ಚಾರ್ಜ್ ಗುಂಪು ಅಂತ. ಈ ರೋಗಿಯ ಚಿಕಿತ್ಸೆ ನಿರ್ಧರಿಸುವುದು ಈಗಲೂ ಡಿಒಐ (ಟ್ಯೂಮರ್ ಇಳಿದ ಆಳ), ಮಾರ್ಜಿನ್ (ಕತ್ತರಿಸಿದ ಅಂಚು), ನೋಡ್, ಇಎನ್‌ಇ. ವಿಎಎಫ್ ಅಂಕಿ ನೇರವಾಗಿ ಕುತ್ತಿಗೆಗೆ ಬರುವುದು ಎಚ್‌ರಾಸ್‌ನಲ್ಲಿ. ಎಚ್‌ರಾಸ್ ಕೆಟ್ಟ ಟ್ಯೂಮರ್‌ಗಳಿಗೆ ಟಿಪಿಫಾರ್ನಿಬ್ ಔಷಧಿ ಕೊಟ್ಟ ಅಧ್ಯಯನದಲ್ಲಿ ಕಡೆಗೆ ವಿಶ್ಲೇಷಿಸಿದ್ದು ವಿಎಎಫ್ ಶೇ. 20 ದಾಟಿದವರನ್ನು. ಶೇ. 6 ಟ್ಯೂಮರ್ ಇರುವ ಟ್ಯೂಬ್ ಕೊಟ್ಟರೆ ಅಂಥ ರೋಗಿ ಬಾಗಿಲಲ್ಲೇ ಹೊರಗೆ.

ಈಗ ಕಟಿಂಗ್ ಕ್ರಮ ಬದಲಾಗಿದೆ. ಬ್ಲಾಕ್ ಒಂದೇ ಸಲ ಕೂರಿಸುವುದು, ಎಚ್ ಅಂಡ್ ಇ, ಇಮ್ಯೂನೋಗೆ 4 ಮೈಕ್ರಾನಿನ ಖಾಲಿ ಸ್ಲೈಡ್‌ಗಳು, ಡಿಎನ್‌ಎ ಸೆಕ್ಷನ್, ಕೊನೆಗೆ ಮತ್ತೆ ಎಚ್ ಅಂಡ್ ಇ. ಮೊದಲು, ಕೊನೆ ಎರಡರಲ್ಲಿ ಕಡಿಮೆ ಬಂದ ಶೇಕಡಾ ರಿಪೋರ್ಟಿಗೆ. ಶೇ. 20ಕ್ಕಿಂತ ಕಡಿಮೆ ಇದ್ದರೆ ‘ಮ್ಯುಟೇಶನ್ ಇಲ್ಲ’ ಅಂತ ಬರೆಯುವುದಿಲ್ಲ, ‘ಹೇಳಲಾಗದು’ ಅಂತ ಬರೆಯುತ್ತೇವೆ. ಮ್ಯಾನೇಜ್‌ಮೆಂಟಿನ ಶೀಟಿನಲ್ಲಿ ಅದು ಲ್ಯಾಬಿನ ಫೇಲ್ಯೂರ್ ಅಂತ ಎಣಿಕೆಯಾಗುತ್ತದೆ, ಆಗಲಿ. ಡ್ರಾಪ್‌ಡೌನ್ ಬದಲಿಸಲು ಐಟಿಗೆ ಹಾಕಿದ ಟಿಕೆಟ್ ಇನ್ನೂ ತೆರೆದೇ ಇದೆ. ಅಲ್ಲಿಯವರೆಗೆ ‘ಟಂಗ್’ ಅಂತ ಬಂದ ಪ್ರತಿ ರಿಕ್ವಿಸಿಷನ್‌ಗೂ ರಿಸೆಪ್ಷನ್‌ನಿಂದ ಒಂದು ಫೋನ್: ಮುಂದಿನದೋ, ಹಿಂದಿನದೋ?