ಹೈಡೆನ್‌ಹೈಮ್: ಗುಡ್ಡದ ಮೇಲಿನ ಫುಟ್‌ಬಾಲ್ ಕ್ಲಬ್ ನೋಡಹೊರಟವರಿಗೆ

ಹೋಟೆಲ್ ಬುಕ್ ಮಾಡುವಾಗಲೇ ಎಡವುವವರಿದ್ದಾರೆ. ಜರ್ಮನಿಯಲ್ಲಿ ಹೈಡೆನ್‌ಹೈಮ್ ಎಂಬ ಊರು ಎರಡಿವೆ. ಬವೇರಿಯಾದಲ್ಲಿರುವುದು ಪುಟ್ಟ ಹಳ್ಳಿಯಂಥದ್ದು, ಫುಟ್‌ಬಾಲ್ ಕ್ಲಬ್ಬಿಗೂ ಅದಕ್ಕೂ ಸಂಬಂಧವಿಲ್ಲ. ನಿಮಗೆ ಬೇಕಾದದ್ದು ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದ 'ಹೈಡೆನ್‌ಹೈಮ್ ಆನ್ ಡೆರ್ ಬ್ರೆಂಟ್ಸ್', ಅಂದರೆ ಬ್ರೆಂಟ್ಸ್ ನದಿಯ ಮೇಲಿನ ಹೈಡೆನ್‌ಹೈಮ್. ನಕ್ಷೆಯಲ್ಲಿ ಇದು ಉಲ್ಮ್ ಮತ್ತು ಆಲೆನ್ ಊರುಗಳ ನಡುವೆ ಸಿಗುತ್ತದೆ. ಜನಸಂಖ್ಯೆ ಸುಮಾರು 50,000. ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರದಷ್ಟಿರುವ ಈ ಊರಿನ ತಂಡ 2023ರಲ್ಲಿ ಜರ್ಮನಿಯ ಅಗ್ರ ಫುಟ್‌ಬಾಲ್ ಲೀಗ್ ಆದ ಬುಂಡೆಸ್‌ಲಿಗಾ ಸೇರಿತು. ಪ್ರಯಾಣದಲ್ಲಿ ಆಗುವ ಎಡವಟ್ಟುಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಕಾರಣ: ಮ್ಯೂನಿಕ್, ಡಾರ್ಟ್‌ಮುಂಡ್‌ನ ಲೆಕ್ಕವನ್ನು ಇಲ್ಲಿಗೂ ಹಾಕುವುದು.

ಬೆಂಗಳೂರಿನಿಂದ ಬರುವವರಿಗೆ ಮ್ಯೂನಿಕ್ ಅನುಕೂಲ. ನೇರ ವಿಮಾನ ಸಿಗದಿದ್ದರೆ ಫ್ರಾಂಕ್‌ಫರ್ಟ್ ಮೂಲಕ ಬರಬಹುದು. ಮ್ಯೂನಿಕ್‌ನಿಂದ ಅತಿವೇಗದ ಐಸಿಇ ರೈಲಿನಲ್ಲಿ ಉಲ್ಮ್‌ಗೆ ಸುಮಾರು ಒಂದೂಕಾಲು ಗಂಟೆ. ಅಲ್ಲಿ ಇಳಿದು ಬ್ರೆಂಟ್ಸ್ ಕಣಿವೆಯ ಲೋಕಲ್ ರೈಲು ಹಿಡಿದರೆ ಅರ್ಧದಿಂದ ಮುಕ್ಕಾಲು ಗಂಟೆಯಲ್ಲಿ ಹೈಡೆನ್‌ಹೈಮ್. ಸ್ಟುಟ್‌ಗಾರ್ಟ್ ಕಡೆಯವರು ಆಲೆನ್‌ಗೆ ಬಂದು ರೈಲು ಬದಲಿಸಬಹುದು. ಬದಲಿಸುವ ಸಮಯ ಬಿಟ್ಟು ಒಂದೂವರೆ ಗಂಟೆ ಎಂದಿಟ್ಟುಕೊಳ್ಳಿ. ಸ್ಟುಟ್‌ಗಾರ್ಟ್‌ನಿಂದ ಉಲ್ಮ್ ಮೂಲಕ ನಿಧಾನದ ಪ್ಯಾಸೆಂಜರ್‌ನಲ್ಲಿ ಬರುವವರಿಗೆ ದಾರಿಯಲ್ಲಿ ಎಸ್ಲಿಂಗೆನ್ ಸಿಗುತ್ತದೆ. 1843ರಲ್ಲಿ 'ಮಂಗಳೂರ ಸಮಾಚಾರ' ಆರಂಭಿಸಿದ ಹರ್ಮನ್ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಆ ಊರಿನಲ್ಲೇ. ಕನ್ನಡದವರು ಕಿಟಕಿಯಾಚೆ ಒಮ್ಮೆ ಕಣ್ಣು ಹಾಯಿಸಬೇಕಾದ ಸ್ಟೇಷನ್.

ತೊಂದರೆ ಕೊಡುವುದು ಕೊನೆಯ ತುಂಡು ದಾರಿ. ಉಲ್ಮ್–ಆಲೆನ್ ನಡುವಿನ ಬ್ರೆಂಟ್ಸ್ ಮಾರ್ಗದಲ್ಲಿ ಬಹುಪಾಲು ಒಂದೇ ಹಳಿ. ವಿದ್ಯುತ್ತೂ ಇಲ್ಲ, ಡೀಸೆಲ್ ಗಾಡಿಗಳೇ. ಎದುರಿನ ರೈಲು ಐದು ನಿಮಿಷ ತಡವಾದರೆ ನಿಮ್ಮದೂ ಕಾಯುತ್ತ ನಿಲ್ಲಬೇಕು, ಆ ತಡ ಮುಂದಿನ ರೈಲಿಗೂ ದಾಟುತ್ತದೆ. ಆದ್ದರಿಂದ ಉಲ್ಮ್‌ನಲ್ಲಿ ಎಂಟು ನಿಮಿಷದ ಬದಲಾವಣೆ ತೋರಿಸುವ ಟಿಕೆಟ್ ತೆಗೆಯಬೇಡಿ. ಆಟ ಶುರುವಾಗುವುದಕ್ಕೆ ಕನಿಷ್ಠ ಎರಡೂವರೆ ಗಂಟೆ ಮುಂಚೆ ಊರು ತಲುಪುವ ರೈಲು ಹಿಡಿಯಿರಿ. ಇಳಿಯಬೇಕಾದ ನಿಲ್ದಾಣದ ಹೆಸರು ಬರೀ 'ಹೈಡೆನ್‌ಹೈಮ್'. ಕ್ರೀಡಾಂಗಣದ ಹೆಸರು ಫೊಯ್ಟ್ ಅರೆನಾ ಎಂದು 'ಹೈಡೆನ್‌ಹೈಮ್ ಫೊಯ್ಟ್‌ವೆರ್ಕ್' ನಿಲ್ದಾಣದಲ್ಲಿ ಇಳಿದವರಿಗೆ ಸಿಗುವುದು ಕಾರ್ಖಾನೆಯ ಗೇಟು.

ಟಿಕೆಟ್ ವಿಷಯ. ಡಾಯ್ಚ್‌ಲಾಂಡ್ ಟಿಕೆಟ್ 2026ರ ಜನವರಿಯಿಂದ ತಿಂಗಳಿಗೆ 63 ಯುರೋ. ಲೋಕಲ್ ರೈಲು, ಬಸ್ಸು, ಟ್ರಾಮ್ ಎಲ್ಲದಕ್ಕೂ ನಡೆಯುತ್ತದೆ, ಐಸಿಇ, ಐಸಿಯಂಥ ದೂರದ ವೇಗದ ರೈಲುಗಳಿಗೆ ನಡೆಯುವುದಿಲ್ಲ. ಅದು ತಿಂಗಳ ಚಂದಾ, ತಾನಾಗಿಯೇ ನವೀಕರಣವಾಗುತ್ತದೆ. ಆ ತಿಂಗಳ 10ರೊಳಗೆ ರದ್ದು ಮಾಡದಿದ್ದರೆ ಊರಿಗೆ ಮರಳಿದ ಮೇಲೂ ಕಾರ್ಡಿನಿಂದ ಹಣ ಹೋಗುತ್ತದೆ. ನಾಲ್ಕೈದು ಜನ ಒಟ್ಟಿಗೆ ಒಂದೇ ದಿನ ಹೋಗಿ ಬರುವುದಾದರೆ ರಾಜ್ಯದ ದಿನದ ಗುಂಪು ಟಿಕೆಟ್ ಅಗ್ಗ. ವಾರದ ದಿನಗಳಲ್ಲಿ ಅದು ಬೆಳಿಗ್ಗೆ 9ರ ನಂತರವೇ ಚಾಲ್ತಿ. ಬವೇರಿಯಾದ ದಿನದ ಟಿಕೆಟ್ ಉಲ್ಮ್‌ವರೆಗೆ ಮಾತ್ರ, ಅಲ್ಲಿಂದಾಚೆಗೆ ಬೇರೆ ಟಿಕೆಟ್ ಬೇಕು. ದಂಡ ಕಟ್ಟುವವರು ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಲ್ಲೇ.

ನಿಲ್ದಾಣದಿಂದ ಕ್ರೀಡಾಂಗಣಕ್ಕೆ ಆಟದ ದಿನ ವಿಶೇಷ ಬಸ್ಸು ಓಡುತ್ತವೆ. ಆದರೂ ಹೋಗುವಾಗ ನಡೆದೇ ಹೋಗಿ. ಅರ್ಧ ಗಂಟೆಯ ಏರು. ಕ್ಲಬ್ಬಿನ ಕತೆ ಅರ್ಥವಾಗುವುದು ಈ ದಾರಿಯಲ್ಲಿ. ಕೆಳಗೆ ಕಣಿವೆಯಲ್ಲಿ ಫೊಯ್ಟ್ ಕಾರ್ಖಾನೆ: 1867ರಲ್ಲಿ ಶುರುವಾದದ್ದು, ಕಾಗದದ ಯಂತ್ರ ಮತ್ತು ಜಲವಿದ್ಯುತ್ ಟರ್ಬೈನ್‌ಗಳಿಗೆ ಹೆಸರುವಾಸಿ. ಬ್ಯಾಂಡೇಜ್, ಹತ್ತಿ ತಯಾರಿಸುವ ಹಾರ್ಟ್‌ಮನ್ ಕಂಪನಿ ಅದಕ್ಕಿಂತ ಹಳೆಯದು, 1818ರದ್ದು. ಹೊರಗಿನ ಕೋಟ್ಯಧೀಶನೊಬ್ಬ ಬಂದು ಹಣ ಸುರಿದು ಬೆಳೆಸಿದ ತಂಡವಲ್ಲ ಇದು. ಬೆನ್ನಿಗೆ ನಿಂತದ್ದು ಊರಿನ ಮತ್ತು ಸುತ್ತಲಿನ ಉದ್ಯಮಗಳು. ಕ್ರೀಡಾಂಗಣಕ್ಕೆ ಫೊಯ್ಟ್ ಹೆಸರು ಬಂದದ್ದು 2011ರಲ್ಲಿ. ಹಳಬರು ಇನ್ನೂ ಆಲ್ಬ್ ಸ್ಟೇಡಿಯಂ ಎಂದರೆ ಗಲಿಬಿಲಿಯಾಗಬೇಡಿ, ಎರಡೂ ಒಂದೇ ಜಾಗ.

ಕ್ಲಬ್ಬಿನ ಹೆಸರಲ್ಲಿರುವ 1846 ಫುಟ್‌ಬಾಲಿನ ಇಸವಿಯಲ್ಲ. ಆ ವರ್ಷ ಹುಟ್ಟಿದ್ದು ಊರಿನ ವ್ಯಾಯಾಮ ಸಂಘ. ಆಗಿನ್ನೂ ಜರ್ಮನಿಗೆ ಫುಟ್‌ಬಾಲ್ ಕಾಲಿಟ್ಟಿರಲಿಲ್ಲ. 1972ರಲ್ಲಿ ಊರಿನ ಸಂಘಗಳು ಕೂಡಿ ಎಚ್‌ಎಸ್‌ಬಿ ಎಂಬ ದೊಡ್ಡ ಕ್ರೀಡಾಸಂಘವಾಯಿತು. ಅದರ ಫುಟ್‌ಬಾಲ್ ವಿಭಾಗ 2007ರ ಜನವರಿ 1ರಂದು ಬೇರೆ ಮನೆ ಮಾಡಿತು. ಈಗಿನ ಎಫ್‌ಸಿ ಹೈಡೆನ್‌ಹೈಮ್ ಅದೇ. ಕತ್ತಿವರಸೆ, ಬೇಸ್‌ಬಾಲ್ ಎಲ್ಲ ಹಳೆಯ ಸಂಘದಲ್ಲೇ ಉಳಿದವು. ಬೇಸ್‌ಬಾಲ್ ತಂಡ ಹಲವು ಬಾರಿ ಜರ್ಮನ್ ಚಾಂಪಿಯನ್ ಆಗಿದೆ.

ಅದೇ 2007ರ ಸೆಪ್ಟೆಂಬರಿನಲ್ಲಿ, ತಂಡ ಇನ್ನೂ ನಾಲ್ಕನೇ ದರ್ಜೆಯಲ್ಲಿದ್ದಾಗ, ಆಗಷ್ಟೇ ಆಟ ನಿಲ್ಲಿಸಿದ್ದ ಫ್ರಾಂಕ್ ಶ್ಮಿಟ್ ಅವರನ್ನು ತಾತ್ಕಾಲಿಕವಾಗಿ ಕೋಚ್ ಮಾಡಿದರು. ಇದೇ ಊರಲ್ಲಿ ಹುಟ್ಟಿದವರು. ತಾತ್ಕಾಲಿಕವೆಂದವರು ಹದಿನೇಳು ವರ್ಷ ದಾಟಿದರೂ ಅದೇ ಕುರ್ಚಿಯಲ್ಲಿದ್ದರು. ಸೋತ ಮೂರನೇ ಆಟಕ್ಕೇ ಕೋಚ್‌ನನ್ನು ಮನೆಗೆ ಕಳಿಸುವ ಜರ್ಮನ್ ಫುಟ್‌ಬಾಲಿನಲ್ಲಿ ಇದು ಅಪರೂಪ. ಆಡಳಿತದಲ್ಲಿ ಹೋಲ್ಗರ್ ಸಾನ್‌ವಾಲ್ಡ್ ಅವರದು 1990ರ ದಶಕದಿಂದಲೂ ಅದೇ ಮುಖ. 2009ರಲ್ಲಿ ಮೂರನೇ ಲೀಗ್, 2014ರಲ್ಲಿ ಎರಡನೇ ಬುಂಡೆಸ್‌ಲಿಗಾ. 2020ರಲ್ಲಿ ಮೇಲಿನ ಮೆಟ್ಟಿಲ ಅಂಚಿಗೆ ಬಂದು, ವೆರ್ಡರ್ ಬ್ರೆಮೆನ್ ವಿರುದ್ಧ 0-0, 2-2 ಆಡಿಯೂ ಎದುರಾಳಿ ನೆಲದಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ಹಿಂದೆ ಬಿದ್ದರು.

2023ರ ಮೇ 28ರ ಆಟವನ್ನಂತೂ ಊರಿನವರು ಯಾರೂ ಮರೆತಿಲ್ಲ. ರೇಗೆನ್ಸ್‌ಬುರ್ಗ್‌ನಲ್ಲಿ ತಂಡ 0-2 ಹಿಂದಿದ್ದು, ಆಮೇಲೆ 1-2 ಆಗಿತ್ತು. ಅತ್ತ ತನ್ನ ಆಟ ಮುಗಿಸಿದ್ದ ಹ್ಯಾಂಬರ್ಗ್ ತಂಡದ ಅಭಿಮಾನಿಗಳು ತಾವೇ ಮೇಲೇರಿದೆವೆಂದು ಮೈದಾನಕ್ಕೆ ನುಗ್ಗಿಯೂ ಆಗಿತ್ತು. ಹೆಚ್ಚುವರಿ ಸಮಯದ ಮೂರನೇ ನಿಮಿಷದಲ್ಲಿ ಬೆಸ್ಟೆ ಪೆನಾಲ್ಟಿಯಿಂದ ಸಮ ಮಾಡಿದರು, ಒಂಬತ್ತನೇ ನಿಮಿಷದಲ್ಲಿ ಕ್ಲೈನ್‌ಡೀನ್ಸ್ಟ್ ಗೋಲು ಹೊಡೆದರು. 3-2. ಹೈಡೆನ್‌ಹೈಮ್ ಎರಡನೇ ಬುಂಡೆಸ್‌ಲಿಗಾದ ಚಾಂಪಿಯನ್. ಮೊದಲ ಬುಂಡೆಸ್‌ಲಿಗಾ ಋತುವಿನಲ್ಲೇ ಎಂಟನೇ ಸ್ಥಾನ. 2024ರ ಏಪ್ರಿಲ್‌ನಲ್ಲಿ ಇದೇ ಗುಡ್ಡದ ಮೇಲೆ ಎರಡು ಗೋಲು ಹಿಂದಿದ್ದು ಬಾಯರ್ನ್ ಮ್ಯೂನಿಕ್ಕನ್ನು 3-2ರಿಂದ ಸೋಲಿಸಿದರು. ಆ ನವೆಂಬರಿಗೆ ಯುರೋಪ್ ಪಂದ್ಯಕ್ಕಾಗಿ ಚೆಲ್ಸಿಯೇ ಇಲ್ಲಿಗೆ ಬಂತು.

ಈಗ ಯೋಜನೆಗೆ ಬರೋಣ. ಮೊದಲು ವಿಮಾನ, ಆಮೇಲೆ ಆಟದ ಟಿಕೆಟ್ ಎಂಬ ಕ್ರಮವೇ ತಪ್ಪು. ಋತುವಿನ ಪಟ್ಟಿಯಲ್ಲಿ ಆರಂಭಕ್ಕೆ ಇರುವುದು ವಾರಾಂತ್ಯ ಮಾತ್ರ. ಶುಕ್ರವಾರವೋ ಭಾನುವಾರವೋ ಎಂಬುದು ಗೊತ್ತಾಗುವುದು ಕೆಲವೇ ವಾರ ಮುಂಚೆ. ಶುಕ್ರವಾರ ಬೆಳಿಗ್ಗೆಯಿಂದ ಸೋಮವಾರದವರೆಗೆ ಹತ್ತಿರದಲ್ಲೇ ಇರುವಂತೆ ದಿನ ಹೊಂದಿಸಿ. ಆ ಋತುವಿನಲ್ಲಿ ತಂಡ ಯಾವ ಲೀಗ್‌ನಲ್ಲಿದೆ ಎಂಬುದನ್ನೂ ನೋಡಿಕೊಳ್ಳಿ, ಆಟದ ವೇಳೆಯೇ ಬೇರೆ. ಮೊದಲ ಲೀಗ್‌ನಲ್ಲಿ ಶನಿವಾರದ ಹೆಚ್ಚಿನ ಆಟಗಳು 15:30ಕ್ಕೆ, ಎರಡನೆಯದರಲ್ಲಿ 13:00ಕ್ಕೆ.

ಒಟ್ಟು ಜಾಗ 15,000. ಅದರಲ್ಲಿ ದೊಡ್ಡ ಪಾಲು ಋತುವಿನ ಟಿಕೆಟ್ ಇಟ್ಟುಕೊಂಡವರದ್ದು, ಸುಮಾರು ಹತ್ತರಲ್ಲೊಂದು ಭಾಗ ಎದುರಾಳಿ ಅಭಿಮಾನಿಗಳಿಗೆ. ಉಳಿದದ್ದು ಮೊದಲು ಸದಸ್ಯರಿಗೆ, ಆಮೇಲೆ ಮಿಕ್ಕವರಿಗೆ. ಬಾಯರ್ನ್, ಡಾರ್ಟ್‌ಮುಂಡ್, ಸ್ಟುಟ್‌ಗಾರ್ಟ್ ಆಟಗಳ ಆಸೆ ಬಿಡಿ. ಹೆಸರಿಲ್ಲದ ಎದುರಾಳಿಯ ಆಟ ಆರಿಸಿದರೆ ಸಿಗುವ ಸಾಧ್ಯತೆ ಹೆಚ್ಚು, ಊರಿನ ನಿಜವಾದ ಗದ್ದಲ ಕೇಳಿಸುವುದೂ ಆಗಲೇ. ಕ್ಲಬ್ಬಿನ ಅಧಿಕೃತ ಮಾರಾಟ ಬಿಟ್ಟು ಮರುಮಾರಾಟದ ತಾಣಗಳಿಗೆ ಹೋಗಬೇಡಿ. ಮೂರು ಪಟ್ಟು ಹಣ ಕೊಟ್ಟ ಟಿಕೆಟ್ ಗೇಟಿನಲ್ಲಿ ರದ್ದಾಗಿರಬಹುದು. ಬ್ಯಾಗ್ ಎ4 ಹಾಳೆಗಿಂತ ದೊಡ್ಡದಿದ್ದರೆ ಒಳಗೆ ಬಿಡುವುದು ಅನುಮಾನ, ಸೂಟ್‌ಕೇಸು ಹೋಟೆಲ್‌ನಲ್ಲೇ ಇರಲಿ. ಎದುರಾಳಿ ತಂಡದ ಬಣ್ಣದ ಅಂಗಿ ತೊಟ್ಟು ಊರ ತಂಡದ ಅಭಿಮಾನಿಗಳ ಸ್ಟ್ಯಾಂಡಿಗೆ ಹೋಗಬೇಡಿ. ಹೈಡೆನ್‌ಹೈಮ್‌ನ ಬಣ್ಣ ಕೆಂಪು, ನೀಲಿ, ಬಿಳಿ.

ಚಳಿ ಲಘುವಾಗಿ ತೆಗೆದುಕೊಳ್ಳುವಂಥದ್ದಲ್ಲ. ಸಮುದ್ರಮಟ್ಟದಿಂದ 555 ಮೀಟರ್ ಎತ್ತರದಲ್ಲಿರುವ ಇದು ಜರ್ಮನಿಯ ವೃತ್ತಿಪರ ಫುಟ್‌ಬಾಲಿನ ಅತಿ ಎತ್ತರದ ಕ್ರೀಡಾಂಗಣ. ಎತ್ತರ ನಮ್ಮ ಬೆಂಗಳೂರಿಗಿಂತ ಕಡಿಮೆಯೇ, ಆದರೆ ನವೆಂಬರಿನಿಂದ ಮಾರ್ಚ್‌ವರೆಗೆ ಬಯಲ ಗಾಳಿ ಎಲುಬಿಗಿಳಿಯುತ್ತದೆ. ಮೊದಲು ಮರಗಟ್ಟುವುದು ಕಾಲು, ಏಕೆಂದರೆ ನಿಂತೇ ನೋಡುವ ಸ್ಟ್ಯಾಂಡಿನಲ್ಲಿ ಕಾಲ ಕೆಳಗೆ ತಣ್ಣನೆಯ ಕಾಂಕ್ರೀಟು. ದಪ್ಪ ಅಟ್ಟೆಯ ಶೂ, ಉಣ್ಣೆಯ ಕಾಲುಚೀಲ ಎರಡು ಜೊತೆ, ಒಳಗಿನ ಥರ್ಮಲ್. ಕುಡಿಯುವ ಕಪ್ಪಿಗೆ ಠೇವಣಿ ಹಿಡಿದರೆ ಕಪ್ಪು ಹಿಂದಿರುಗಿಸಿ ವಾಪಸು ಪಡೆಯಿರಿ.

ಸಸ್ಯಾಹಾರಿಗಳು ಮೈದಾನದಲ್ಲಿ ಬ್ರೆಟ್ಸೆಲ್, ಆಲೂ ಚಿಪ್ಸ್‌ಗಿಂತ ಹೆಚ್ಚಿನದನ್ನು ನಿರೀಕ್ಷಿಸಬೇಡಿ. ಊರೊಳಗೆ ಕೇಸೆಶ್ಪೆಟ್ಸ್ಲೆ ಕೇಳಿ: ಮೊಟ್ಟೆ ಹಾಕಿದ ಹಿಟ್ಟಿನ ಶಾವಿಗೆಯಂಥ ತುಣುಕು, ಕರಗಿದ ಚೀಸ್, ಮೇಲೆ ಹುರಿದ ಈರುಳ್ಳಿ. ಕೆಲವೆಡೆ ಹಂದಿಯ ತುಣುಕೂ ಉದುರಿಸುತ್ತಾರೆ, 'ಓನೆ ಶ್ಪೆಕ್' ಎಂದು ಹೇಳಿ. ಅಲಸಂದೆ ಪಲ್ಯದಂತೆ ಕಾಣುವ ಬೇಳೆಯ ತಿಂಡಿ ಸಾಮಾನ್ಯವಾಗಿ ಸಾಸೇಜ್ ಜೊತೆಗೇ ಬರುತ್ತದೆ.

ಬಿಡುವಿದ್ದರೆ ಕ್ರೀಡಾಂಗಣದ ಪಕ್ಕದ ಹೆಲೆನ್‌ಶ್ಟೈನ್ ಕೋಟೆ ನೋಡಿ, ಒಳಗಿನ ಮ್ಯೂಸಿಯಂ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಅದೇ ರೈಲು ಮಾರ್ಗದಲ್ಲಿ ಆಲೆನ್ ಕಡೆಗೆ ಕ್ಯೋನಿಗ್ಸ್‌ಬ್ರೊನ್: 1939ರಲ್ಲಿ ಹಿಟ್ಲರನನ್ನು ಕೊಲ್ಲಲು ಬಾಂಬಿಟ್ಟ ಬಡಗಿ ಗೇಯೋರ್ಗ್ ಎಲ್ಸರ್ ಬೆಳೆದ ಊರು. ನಿಲ್ದಾಣದಲ್ಲೇ ಆತನ ಪ್ರತಿಮೆಯಿದೆ. ಮಕ್ಕಳಿದ್ದರೆ ಉಲ್ಮ್ ಕಡೆಯ ಗೀಂಗೆನ್‌ನಲ್ಲಿ ಶ್ಟೈಫ್ ಟೆಡ್ಡಿ ಕರಡಿಗಳ ಮ್ಯೂಸಿಯಂ.

ರಾತ್ರಿ 20:30ರ ಆಟ ಮುಗಿಯುವುದು 22:20ರ ಹೊತ್ತಿಗೆ. ಇಳಿಜಾರಿನ ನೂಕುನುಗ್ಗಲು ದಾಟಿ ನಿಲ್ದಾಣಕ್ಕೆ ಬರಲು ಇನ್ನೂ ಮುಕ್ಕಾಲು ಗಂಟೆ. ಆ ಹೊತ್ತಿಗೆ ಬ್ರೆಂಟ್ಸ್ ಮಾರ್ಗದಲ್ಲಿ ಉಳಿದ ರೈಲುಗಳನ್ನು ಬೆರಳಲ್ಲಿ ಎಣಿಸಬಹುದು. ಉಲ್ಮ್‌ಗೆ ತಲುಪಿದರೂ ಮ್ಯೂನಿಕ್‌ಗೆ ಮುಂದಿನ ಗಾಡಿ ಸಿಗದೆ ಪ್ಲಾಟ್‌ಫಾರ್ಮಿನಲ್ಲೇ ಬೆಳಗು ಮಾಡಬೇಕಾದೀತು. ಸಂಜೆಯ ಆಟವಾದರೆ ಕೋಣೆಯನ್ನು ಹೈಡೆನ್‌ಹೈಮ್‌ನಲ್ಲಿ, ಇಲ್ಲದಿದ್ದರೆ ಉಲ್ಮ್‌ನಲ್ಲಿ, ಆಟದ ಟಿಕೆಟ್ ಸಿಕ್ಕ ದಿನವೇ ಹಿಡಿದುಬಿಡಿ.